ಮರದ ಪೀಪಿಯೂ ಅಕ್ರಿಲಿಕ್ ಪೀಪಿಯೂ ನನ್ನ ಅತ್ತೆಯೂ

ಶ್ರೀಮತಿ ಜೆಲ್ಫಾ ಓಡೆಲ್ ಸ್ಟಾಲ್ಕಪ್, ವಯಸ್ಸು ಎಂಬತ್ತೆರಡು. ದಿವಂಗತ ಹರ್ಷೆಲ್ ಸ್ಟಾಲ್ಕಪ್ ಅವರ ಧರ್ಮಪತ್ನಿ. ಡೊಯ್ಲ್ ಸ್ಟಾಲ್ಕಪ್ ಎಂಬ ಏಕಮಾತ್ರ ಪುತ್ರನ ತಾಯಿ. ರೊವೀನಾ ಎಂಬ ಏಕಮಾತ್ರ ಸೊಸೆಯ, ಅಂದರೆ ನನ್ನ, ಅತ್ತೆ. ಅಮೆರಿಕದ ನಮ್ಮ ಅರ್ಕನ್ಸಾ ರಾಜ್ಯದ ಪತ್ರಿಕೆಗಳಲ್ಲಿ ಹೀಗೆ ಹೆಸರು, ವಯಸ್ಸು, ಬಂಧುಬಳಗಗಳಿಂದ ಆರಂಭವಾಗುವ ಬರಹ ಕಂಡೊಡನೆ ಜನ ತಲೆಯ ಮೇಲಿನ ಟೋಪಿ ತೆಗೆದು, "ಅಯ್ಯೋ, ಯಾವಾಗ?" ಎನ್ನುತ್ತಾರೆ. ದಯವಿಟ್ಟು ಟೋಪಿಯನ್ನು ತಲೆಯ ಮೇಲೆಯೇ ಇರಗೊಡಿ. ಆಕೆ ಹೊರಟುಹೋಗಿರುವುದು ನಿಜ, ಆದರೆ ಸ್ವರ್ಗಕ್ಕಲ್ಲ. ಸ್ವರ್ಗಕ್ಕೆ ಹೋಗಿದ್ದರೆ ನಾನು ಎರಡು ದಿನ ಅತ್ತು ಸುಮ್ಮನಾಗುತ್ತಿದ್ದೆ. ಆಕೆ ಹೋದ ಜಾಗವನ್ನು ನೆನೆದರೆ ಅಳು ಕೂಡ ಬರುತ್ತಿಲ್ಲ. ಬಾಯಿ ತೆರೆದದ್ದು ತೆರೆದಂತೆಯೇ ಉಳಿದುಬಿಡುತ್ತದೆ.

ಎಲ್ಲದಕ್ಕೂ ಮೂಲ ಒಂದು ಪೀಪಿ. ಆಕಾಶದಲ್ಲಿ ಹಾರುವ ಕಾಡುಬಾತುಗಳನ್ನು ಕೆಳಕ್ಕೆ ಕರೆಯಲು ನಮ್ಮ ಗಂಡಸರು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡು ಊದುವ, ಅಂಗೈಯುದ್ದದ ಕೊಳವೆಗೆ ಈ ಸೀಮೆಯಲ್ಲಿ 'ಕರೆ' ಎಂಬ ಗಂಭೀರ ಹೆಸರಿದೆ. ನಾನು ಮಾತ್ರ ಪೀಪಿ ಎನ್ನುತ್ತೇನೆ. ಮದುವೆಯಾದಂದಿನಿಂದ ಅದರ ಸವತಿಯಾಗಿ ಬಾಳುತ್ತಿರುವವಳಿಗೆ ಅಷ್ಟು ಹಕ್ಕಾದರೂ ಇರಬೇಕು.

ನನ್ನ ಗಂಡ ಡೊಯ್ಲ್ ಭತ್ತ ಬೆಳೆಯುತ್ತಾನೆ. ಕೊಯ್ಲು ಮುಗಿದು ಗದ್ದೆಗಳಿಗೂ ಓಕ್ ಕಾಡಿಗೂ ನೀರು ಬಿಟ್ಟ ಮೇಲೆ ಉತ್ತರದಿಂದ ಬಾತುಗಳು ಬರುತ್ತವೆ. ಬಾತುಗಳ ಹಿಂದೆ ನಮ್ಮೂರಿನ ಗಂಡಸರ ವಿವೇಕ ಹಾರಿಹೋಗುತ್ತದೆ. ಕಾಡಿನ ನಡುವೆ ನಮ್ಮ ಚರ್ಚಿನವರದೇ ಒಂದು ಬೇಟೆಯ ಅಟ್ಟಣೆ ಇದೆ. ಅದರ ಮಧ್ಯದಲ್ಲಿ ಒಂದು ಹಲಗೆ. ಅದಕ್ಕೆ ಕರೆಗಾರನ ಹಲಗೆ ಎಂದು ಹೆಸರು. ಅದರ ಮೇಲೆ ಕುಳಿತವನು ಮಾತ್ರ ಪೀಪಿ ಊದಬೇಕು. ಉಳಿದವರು ಬಂದೂಕು ಹಿಡಿದು ಬಾಯಿ ಮುಚ್ಚಿಕೊಂಡಿರಬೇಕು. ಹಲಗೆ ಯಾರದೆಂಬುದು ಪ್ರತಿ ವರ್ಷ ಬೇಟೆಯ ಕಾಲ ಆರಂಭವಾಗುವ ಮುನ್ನ ಚರ್ಚಿನ ಸಭಾಂಗಣದಲ್ಲಿ ನಡೆಯುವ ಪೀಪಿ ಸ್ಪರ್ಧೆಯಲ್ಲಿ ತೀರ್ಮಾನವಾಗುತ್ತದೆ. ಗೆದ್ದವನು ಬೇಟೆಯ ಕಾಲ ಪೂರ್ತಿ, ಜನವರಿ ಮುಗಿಯುವವರೆಗೆ, ಕಾಡಿನ ಬೇಟೆಮನೆಯಲ್ಲೇ ಉಣ್ಣುತ್ತಾನೆ, ಅಲ್ಲೇ ಮಲಗುತ್ತಾನೆ. ಅವನ ಮನೆಯಲ್ಲಿ ದೈವಿಕವಾದ ಮೌನ ನೆಲೆಸುತ್ತದೆ.

ಈ ಕಡೆಯ ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ನನ್ನ ಬದುಕಿನ ಸಕಲ ಆಸೆಯೂ ಅದರಲ್ಲಿದೆ.

ಬಹುಕಾಲ ಆ ಹಲಗೆ ಡೊಯ್ಲನದೇ ಆಗಿತ್ತು. ಅವನಿಗಿಂತ ಮೊದಲು ಅವನ ತಂದೆ ಹರ್ಷೆಲ್‌ರದು. ತಂದೆ ಬೇಲಿಯ ಗೂಟವೊಂದನ್ನು ಲೇತಿಗೆ ಕೊಟ್ಟು ಕಡೆದು ಮಾಡಿದ ಬೋಡಾರ್ಕ್ ಮರದ ಹಳದಿ ಪೀಪಿಯನ್ನೇ ಮಗನೂ ಊದುತ್ತಿದ್ದ. ಹೋದ ವರ್ಷ ಸ್ಪರ್ಧೆಯ ದಿನ ಮಂಜು ಕವಿದಿತ್ತು. ಮರ ತೇವ ಕುಡಿದು ಉಬ್ಬಿತು. ದೂರದ ಬಾತನ್ನು ಕರೆಯುವ ದೊಡ್ಡ ಕೂಗಿನ ನಡುವೆ ಪೀಪಿಯೊಳಗೆ ಅದುರುವ ನಾಲಿಗೆಪಟ್ಟಿ ಅಂಟಿಕೊಂಡು, ತುಕ್ಕು ಹಿಡಿದ ಬಾಗಿಲನ್ನು ಯಾರೋ ಒದ್ದಂಥ ಸದ್ದು ಬಂತು. ಹಲಗೆ ಟೈರ್ ಅಂಗಡಿಯ ಎಲ್ಬರ್ಟನ ಪಾಲಾಯಿತು.

"ಇನ್ನೊಬ್ಬ ಗಂಡಸು ಕೂಗ್ತಿರೋವಾಗ ನಾನು ಬಾಯಿ ಮುಚ್ಕೊಂಡು ಕೂರೋದಾ? ಹೋಗಲ್ಲ, ನಾನು ಹೋಗೋದೇ ಇಲ್ಲ!" ಎಂದು ಶಪಥ ಮಾಡಿದ ಡೊಯ್ಲ್, ಆ ಚಳಿಗಾಲ ಪೂರ್ತಿ ನನ್ನ ಅಡುಗೆಮನೆಯ ಮೇಜಿನ ಮುಂದೆ ಕುಳಿತ. ಕುಳಿತು ಊದಿದ. ನಾನು ಫ್ರಿಜ್ಜಿನ ಬಾಗಿಲು ತೆರೆದರೆ ಅದಕ್ಕೊಂದು ಕೂಗು, ಮುಚ್ಚಿದರೆ ಅದನ್ನು ವಾಪಸು ಕರೆಯುವ ಇನ್ನೊಂದು ಕೂಗು. ಅವರೆಕಾಳು ಕುದಿಯುವ ಗುಳುಗುಳು ಸದ್ದಿಗೆ ಬಾತು ಮೇವು ತಿನ್ನುವ ಗುಳುಗುಳು ಸದ್ದಿನಿಂದ ಉತ್ತರ ಕೊಡುತ್ತಿದ್ದ.

ಆಗ ನಾನು ಸಂಜೆ ಶಾಲೆಯ ವಿದ್ಯಾರ್ಥಿನಿ. (ಈಗಲೂ ಹೌದು, ಕಾರಣ ಮುಂದಿನ ಸಾಲಿನಲ್ಲಿದೆ.) ಜನವರಿಯ ಬೀಜಗಣಿತ ಪರೀಕ್ಷೆಯಲ್ಲಿ, ಸೂಜಿ ಬಿದ್ದರೂ ಕೇಳುವ ಆ ಕೊಠಡಿಯಲ್ಲಿ, ಯಾರದೋ ಬೂಟು ಕಿರ್ ಎಂದಿತು, ನಾನು ಪೆನ್ಸಿಲ್ ಬಿಟ್ಟು ಬಾತು ಎಲ್ಲಿ ಎಂದು ಚಾವಣಿ ನೋಡಿದೆ. ಮತ್ತೆ ಕೆಳಗೆ ನೋಡುವಷ್ಟರಲ್ಲಿ ಸಮೀಕರಣದ ಎರಡೂ ಪಕ್ಷಗಳು ಹಾರಿಹೋಗಿದ್ದವು. ನಪಾಸಾದೆ. ನಮ್ಮ ತವರಿನಲ್ಲಿ ಓದಿದವರು ಕಡಿಮೆ. ಆದರೆ ನಪಾಸಾದವರು ಒಬ್ಬರೂ ಇರಲಿಲ್ಲ. ಈ ಅವಮಾನವನ್ನು ಮತ್ತೊಂದು ಜನವರಿ ನೋಡಕೂಡದೆಂದು ನಾನು ನಿರ್ಧರಿಸಿದೆ. ಅದಕ್ಕೆ ಉಪಾಯ ಒಂದೇ: ಈ ವರ್ಷ ಡೊಯ್ಲ್ ಗೆಲ್ಲಬೇಕು, ಹಲಗೆ ಏರಬೇಕು, ಕಾಡು ಸೇರಬೇಕು.

ಹೀಗಾಗಿ ನಾನು ಪೀಪಿಶಾಸ್ತ್ರಕ್ಕೆ ಕೈಹಾಕಿದೆ. ಸಂಜೆ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಶಬ್ದವೆಂಬ ಅಧ್ಯಾಯವನ್ನು ಎರಡು ಸಲ ಓದಿ, ಒಂದು ಭಾನುವಾರ ಕಾರ್ನ್‌ಬ್ರೆಡ್ ಬಡಿಸುತ್ತ ನನ್ನ ಸಂಶೋಧನೆಯನ್ನು ಮಂಡಿಸಿದೆ.

"ನೋಡು ಡೊಯ್ಲ್, ಮರ ನೀರು ಕುಡಿಯುತ್ತೆ. ಕುಡಿದ್ರೆ ಉಬ್ಬುತ್ತೆ. ಉಬ್ಬಿದ್ರೆ ಅಂಟುತ್ತೆ. ಅಕ್ರಿಲಿಕ್ ಕುಡಿಯಲ್ಲ, ಉಬ್ಬಲ್ಲ, ಬಿರಿಯಲ್ಲ. ಅದರ ದನಿ ಗಟ್ಟಿ, ಸ್ವಚ್ಛ, ದೂರ ಹೋಗುತ್ತೆ. ಮರದ್ದು ಮೆತ್ತಗೆ, ಗೊಗ್ಗರು. ಈ ವರ್ಷ ಅಕ್ರಿಲಿಕ್ ತಗೋ."

ಡೊಯ್ಲ್ ಚಮಚ ಕೆಳಗಿಟ್ಟ. "ಮರಕ್ಕೆ ಜೀವ ಇದೆ ಕಣೇ."

"ಮನೇಲಿರೋ ಜೀವಗಳೇ ಸಾಕು. ಅದನ್ನ ದಿನಾ ನನ್ನ ಓವನ್‌ನಲ್ಲಿಟ್ಟು ಒಣಗಿಸ್ತೀಯಲ್ಲ, ನನ್ನ ಬಿಸ್ಕತ್ತಿಗೆಲ್ಲ ಬಾತಿನ ವಾಸನೆ!"

"ಬಾತಿನ ವಾಸನೆ ಅಲ್ಲ ಅದು, ಅಪ್ಪನ ವಾಸನೆ."

"ಹಾಗಾದ್ರೆ ಇನ್ಮೇಲೆ ನಾನು ಬಿಸ್ಕತ್ತೇ ತಿನ್ನಲ್ಲ!"

ಮೇಜಿನ ಆ ತುದಿಯಲ್ಲಿ ಉಣ್ಣುತ್ತಿದ್ದ ಅತ್ತೆಯವರು ತಲೆ ಎತ್ತಿದರು. "ಏನದು, ಅಕ್ರಿ...?"

"ಅಕ್ರಿಲಿಕ್, ಅಮ್ಮ. ಒಂದು ಥರ ಗಟ್ಟಿ ಪ್ಲಾಸ್ಟಿಕ್," ಎಂದೆ ನಾನು.

"ನನ್ನ ಹಲ್ಲಿನ ಸೆಟ್ಟು ಕೂಡ ಅದೇ ಅಂತ ಡಾಕ್ಟ್ರು ಹೇಳಿದ್ರು. ಅದನ್ನೇ ಬಿಚ್ಚಿ ಕೊಡ್ತೀನಿ, ಊದ್ಕೊಳ್ಳಲಿ ಬಿಡು."

ನಾನು ಕಾರ್ನ್‌ಬ್ರೆಡ್ಡಿನ ತಟ್ಟೆಯನ್ನು ಅವರ ಮುಂದೆ ಸರಿಸಿದೆ. ವಿದ್ಯಾವಂತರು ಇಂಥ ಕಡೆ ವಾದಕ್ಕಿಳಿಯುವುದಿಲ್ಲ.

ಮುಂದಿನ ಶನಿವಾರ ಡೊಯ್ಲನನ್ನು ಪೇಟೆಯ ಬೇಟೆ ಸಾಮಾನಿನ ಅಂಗಡಿಗೆ ಎಳೆದುಕೊಂಡು ಹೋದೆ. ಗೋಡೆಯ ತುಂಬ ಪೀಪಿಗಳು: ಒಂದೆಡೆ ಜೇನಿನ ಬಣ್ಣದ, ಕಾಫಿಯ ಬಣ್ಣದ ಮರದವು, ಇನ್ನೊಂದೆಡೆ ಶರಬತ್ತಿನ ಸೀಸೆಗಳಂತೆ ಹೊಳೆಯುವ ಅಕ್ರಿಲಿಕ್‌ನವು. ಅಂಗಡಿಯವನು ಸಭ್ಯ ಮನುಷ್ಯ. ನಾನು ಅವನನ್ನು ಕಟಕಟೆಯಲ್ಲಿ ನಿಲ್ಲಿಸಿದಂತೆ ಪ್ರಶ್ನಿಸಿದೆ.

"ಮರ ಉಬ್ಬುತ್ತದೋ ಇಲ್ಲವೋ?"

"ಉಬ್ಬುತ್ತೆ, ಮೇಡಂ. ಆದ್ರೆ..."

"ಅಕ್ರಿಲಿಕ್ ಉಬ್ಬುತ್ತದೋ?"

"ಇಲ್ಲ. ಆದ್ರೆ ಕಾಡೊಳಗೆ, ಮರಗಳ ಮಧ್ಯೆ, ಹತ್ತಿರದ ಬಾತಿಗೆ..."

"ನಾನು ಕೇಳಿದ್ದಕ್ಕಷ್ಟೇ ಉತ್ತರ ಸಾಕು."

ಡೊಯ್ಲ್ ಅವನ ಕಡೆ, ಅವನು ಡೊಯ್ಲನ ಕಡೆ ನೋಡಿದರು. ಇಬ್ಬರು ವಿವಾಹಿತ ಗಂಡಸರು ಪರಸ್ಪರ ನೋಡಿಕೊಳ್ಳುವ ಆ ನೋಟ ನನಗೆ ಹಿಡಿಸುವುದಿಲ್ಲ. ಕೆರೆಯ ಪಾಚಿಯಂಥ ಹಸಿರಿನ ಒಂದು ಅಕ್ರಿಲಿಕ್ ಪೀಪಿಯನ್ನು ನಾನೇ ಆರಿಸಿದೆ. ಡೊಯ್ಲ್ ಅಲ್ಲೇ ಒಂದು ಸಲ ಊದಿ ನೋಡಿದ. ಪಕ್ಕದ ಸಾಲಿನಲ್ಲಿ ಬೂಟು ನೋಡುತ್ತಿದ್ದ ಹೆಂಗಸು ಕೈಯಲ್ಲಿದ್ದ ಡಬ್ಬಿಯನ್ನು ನೆಲಕ್ಕೆ ಬಿಟ್ಟಳು.

"ಅಬ್ಬಾ!" ಎಂದೆ ನಾನು ಹೆಮ್ಮೆಯಿಂದ.

"ಥೂ, ಆಟದ ಸಾಮಾನು," ಎಂದ ಡೊಯ್ಲ್ ನಾಚಿಕೆಯಿಂದ, ಯಾರಾದರೂ ಪರಿಚಯದವರು ನೋಡಿದರೋ ಎಂದು ಬಾಗಿಲ ಕಡೆ ಕಣ್ಣು ಹಾಯಿಸುತ್ತ.

ಮನೆಗೆ ಬಂದೊಡನೆ ನಾನು ಎರಡು ಶಾಸನಗಳನ್ನು ಹೊರಡಿಸಿದೆ. ಒಂದು: ಮರದ ಪೀಪಿ ಇನ್ನು ನಿವೃತ್ತ, ಅದು ಊಟದ ಮನೆಯ ಬೀರುವಿನ ಖಾನೆಯಲ್ಲಿ ಕ್ರಿಸ್‌ಮಸ್ ಕರವಸ್ತ್ರಗಳ ನಡುವೆ ವಿಶ್ರಮಿಸತಕ್ಕದ್ದು. ಎರಡು: ಹಸಿರು ಪೀಪಿಯ ಅಭ್ಯಾಸ ಮನೆಯೊಳಗೆ ಕೂಡದು, ಗದ್ದೆಯ ಅಂಚಿಗೆ ಪಿಕಪ್ ವಾಹನ ಒಯ್ದು, ಗಾಜು ಏರಿಸಿ, ಅದರೊಳಗೆ ಊದತಕ್ಕದ್ದು. ಡೊಯ್ಲ್ ಆಶ್ಚರ್ಯವೆನಿಸುವಷ್ಟು ಸುಲಭವಾಗಿ ಒಪ್ಪಿದ. ಪ್ರತಿ ಸಂಜೆ ಅವನು ಆ ಕಡೆ, ನಾನು ಶಾಲೆಯ ಕಡೆ. ಅವನು ಅಲ್ಲಿ ಏನು ಊದುತ್ತಾನೆ, ಹೇಗೆ ಊದುತ್ತಾನೆ ಎಂಬುದು ನನ್ನ ಕಿವಿಗೆ ಒಂದು ಸಲವೂ ಬೀಳಲಿಲ್ಲ. ನಾನು ದೇವರಿಗೆ ಕೃತಜ್ಞತೆ ಸಲ್ಲಿಸಿದೆ. (ದೇವರಿಗೂ ಆಗಲೇ ಎಲ್ಲ ಗೊತ್ತಿತ್ತೆಂದು ಈಗ ಅನ್ನಿಸುತ್ತದೆ.)

ಅತ್ತೆಯವರು ಮಾತ್ರ ಬೀರುವಿನ ಖಾನೆ ಎಳೆದು ನೋಡಿ, "ಹರ್ಷೆಲ್ ಕಡೆದಿದ್ದನ್ನ ಕರವಸ್ತ್ರದ ಜೊತೆ ಮಲಗಿಸಿದ್ದೀಯಾ, ರೊವೀನಾ?" ಎಂದರು.

"ಅದರ ಕಾಲ ಮುಗೀತು, ಅಮ್ಮ. ಪುಸ್ತಕದಲ್ಲೇ ಇದೆ."

"ಪುಸ್ತಕ ಬರೆದೋನು ಎಷ್ಟು ಬಾತು ಹೊಡೆದಿದ್ದ?"

"ಅದನ್ನ ಬರೆದಿಲ್ಲ."

"ಹೂಂ. ಬರೆಯಲ್ಲ," ಎಂದು ಖಾನೆ ದೂಡಿ ಹೋದರು.

ಅದಾದ ಮೇಲೆ ನಮ್ಮ ಮನೆಯಲ್ಲಿ ಒಂದು ಪವಾಡ ನಡೆಯತೊಡಗಿತು. ತಾವು ತೊಟ್ಟ ಸ್ವೆಟರನ್ನು ಕೂಡ ಈಸ್ಟರಿಗೊಮ್ಮೆ ಒಗೆಯಲು ಕೊಡುತ್ತಿದ್ದ ಅತ್ತೆಯವರು ದಿನವೂ ಬಟ್ಟೆ ಒಗೆಯಲು ಆರಂಭಿಸಿದರು. ಬೆಳಗಿನ ತಿಂಡಿಯಾದೊಡನೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಒಗೆಯುವ ಯಂತ್ರವನ್ನೂ ಒಣಗಿಸುವ ಯಂತ್ರವನ್ನೂ ಒಟ್ಟಿಗೆ ಹಾಕಿಬಿಡುತ್ತಿದ್ದರು. ಎರಡೂ ಮುದಿ ಯಂತ್ರಗಳು. ಓಡಿದರೆ ಮನೆ ಅದುರುತ್ತದೆ. ನಿನ್ನೆ ಒಗೆದ ಹೊದಿಕೆಯೇ ಇಂದು ಮತ್ತೆ ಒಳಗೆ ಹೋಗುತ್ತಿತ್ತು. ಗಡಗಡ ಸದ್ದಿನ ನಡುವೆ ಯಂತ್ರದ ಬೆಲ್ಟು ಕಿರುಚಿದಂತೆ ಒಂದು ವಿಚಿತ್ರ ದನಿಯೂ ಆಗಾಗ ಕೇಳಿಸುತ್ತಿತ್ತು. ಬೆಲ್ಟು ಹಾಳಾಗಿರಬೇಕು ಅಂದುಕೊಂಡೆ.

"ಅಮ್ಮ, ಈ ವಯಸ್ಸಿನಲ್ಲಿ ಇಷ್ಟು ಕೆಲಸ ಯಾಕೆ?"

"ಮನೇಲಿ ಕೂತು ತಿನ್ನೋಳು ಅನ್ನಿಸ್ಕೋಬಾರ್ದು ನೋಡು," ಎಂದರು, ಕೆಂಪೇರಿದ ಕೆನ್ನೆಗಳಿಂದ ಏದುಸಿರು ಬಿಡುತ್ತ.

ನನ್ನ ಕಣ್ಣು ಒದ್ದೆಯಾಯಿತು. ಬುಧವಾರದ ಪ್ರಾರ್ಥನಾ ಕೂಟದಲ್ಲಿ ಎದ್ದು ನಿಂತು, ನನ್ನ ಅತ್ತೆಯ ಹೃದಯ ಪರಿವರ್ತನೆಗಾಗಿ ಸಾಕ್ಷಿ ಹೇಳಿದೆ. ಹೆಂಗಸರೆಲ್ಲ "ಆಮೆನ್" ಎಂದರು. ಅತ್ತೆಯವರೂ ಹಿಂದಿನ ಬೆಂಚಿನಿಂದ "ಆಮೆನ್" ಎಂದರು, ಸ್ವಲ್ಪ ಜೋರಾಗಿಯೇ.

ಸ್ಪರ್ಧೆಗೆ ಎರಡು ದಿನವಿರುವಾಗ ಪಾಸ್ಟರ್ ಪ್ರೂಇಟ್ ಮನೆಗೆ ಬಂದರು. ತೀರ್ಪುಗಾರರಲ್ಲಿ ಒಬ್ಬನಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಂತೆ.

"ಅವನ ಜಾಗದಲ್ಲಿ ನೀವು ಕೂರಬೇಕು, ಸಿಸ್ಟರ್ ರೊವೀನಾ."

"ನನ್ನ ಗಂಡನೇ ಸ್ಪರ್ಧೆಯಲ್ಲಿದ್ದಾನೆ, ಪಾಸ್ಟರ್."

"ಅದಕ್ಕೇನಂತೆ? ತೀರ್ಪುಗಾರರು ಪರದೆ ಹಿಂದೆ, ವೇದಿಕೆಗೆ ಬೆನ್ನು ಹಾಕಿ ಕೂತಿರ್ತೀರಿ. ಊದೋರು ಯಾರು, ಪೀಪಿ ಎಂಥದು, ಏನೂ ಕಾಣಲ್ಲ. ಬರೀ ನಂಬರು ಕೂಗ್ತೀವಿ. ಅದೂ ಅಲ್ಲದೆ," ಎಂದು ಅವರು ಸಿಹಿ ಚಹಾ ಕೆಳಗಿಟ್ಟು ನಕ್ಕರು, "ಸ್ವಂತ ಗಂಡನಿಗೂ ಸೊನ್ನೆ ಕೊಡೋ ಹೆಂಗಸು ನೀವು ಅಂತ ಊರಿಗೇ ಗೊತ್ತು."

ಇದನ್ನು ನಾನು ಪ್ರಶಂಸೆಯೆಂದು ಸ್ವೀಕರಿಸಿದೆ. ಒಪ್ಪಿಕೊಂಡೆ. ನನ್ನ ಮನಸ್ಸಾಕ್ಷಿ ಸ್ಫಟಿಕದಂತಿತ್ತು. ಪಕ್ಷಪಾತ ಮಾಡುವ ಅಗತ್ಯವೇ ನನಗಿರಲಿಲ್ಲ. ಗಟ್ಟಿಯಾದ ಸ್ವಚ್ಛ ದನಿಗೆ ಹೆಚ್ಚು ಅಂಕ ಕೊಡುವುದು ನ್ಯಾಯ. ಗಟ್ಟಿಯಾದ ಸ್ವಚ್ಛ ದನಿ ಅಕ್ರಿಲಿಕ್‌ನದು. ಆ ಸ್ಪರ್ಧೆಯಲ್ಲಿ ಮಿಕ್ಕವರೆಲ್ಲ ಮರದವರು. ಅಕ್ರಿಲಿಕ್ ನನ್ನ ಗಂಡನದೊಂದೇ. ನ್ಯಾಯವೂ ನನ್ನ ಬೀಜಗಣಿತವೂ ಇಷ್ಟು ಸುಂದರವಾಗಿ ಕೈಹಿಡಿದು ನಡೆದದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಶನಿವಾರ ಮಧ್ಯಾಹ್ನ ಸಭಾಂಗಣ ಕಿಕ್ಕಿರಿದಿತ್ತು. ಹುರಿದ ಮೀನಿನ ವಾಸನೆ, ಒದ್ದೆ ನಾಯಿಗಳ ವಾಸನೆ, ಪೀಕನ್ ಹೂರಣದ ಕಡುಬಿನ ವಾಸನೆ. ವೇದಿಕೆಯ ಒಂದು ಪಕ್ಕಕ್ಕೆ ಹಗ್ಗ ಕಟ್ಟಿ ಹೊದಿಕೆಯೊಂದನ್ನು ಇಳಿಬಿಟ್ಟಿದ್ದರು. (ನಮ್ಮ ಮನೆಯದೇ. ಇಡೀ ಊರಿನಲ್ಲಿ ಅಷ್ಟು ಬೆಳ್ಳಗಿನ ಹೊದಿಕೆ ಇನ್ನಾರ ಮನೆಯಲ್ಲೂ ಇಲ್ಲವೆಂದು ಎಲ್ಲರೂ ಹೊಗಳಿದರು.) ಅದರ ಹಿಂದೆ ನಾವು ಮೂವರು ತೀರ್ಪುಗಾರರು: ಬೀಜದ ಅಂಗಡಿಯ ಕ್ಲೀಟಸ್, ಶಾಲಾ ಬಸ್ಸು ಓಡಿಸುವ ಮರ್ಲ್, ನಡುವೆ ನಾನು, ಭಾನುವಾರದ ಟೋಪಿಯಲ್ಲಿ. ಹತ್ತಕ್ಕೆ ಎಷ್ಟೆಂದು ಚೀಟಿಯಲ್ಲಿ ಬರೆಯಬೇಕು. ಮಾತಾಡಕೂಡದು, ಹಿಂದಿರುಗಿ ನೋಡಕೂಡದು, ಕೆಮ್ಮಕೂಡದು. ವೇದಿಕೆ ಕಾಣುವ ಸಭಿಕರೂ ಫಲಿತಾಂಶದವರೆಗೆ ತುಟಿ ಬಿಚ್ಚಕೂಡದು.

ಮೊದಲ ಮೂವರು ಬಂದು ಹೋದರು. ಸಾಧಾರಣ ಬಾತುಗಳು. ನಾಲ್ಕನೆಯ ನಂಬರು ಕೂಗಿದರು.

ಆಹಾ! ಆ ದೊಡ್ಡ ಕೂಗು ಹೊರಟಾಗ ಕಿಟಕಿಯ ಗಾಜುಗಳು ಝಲ್ ಎಂದವು. ಮೇಜಿನ ಕೆಳಗೆ ಮಲಗಿದ್ದ ನಾಯಿಗಳೆಲ್ಲ ಎದ್ದು ನಿಂತವು. ಸ್ವಚ್ಛ, ತೀಕ್ಷ್ಣ, ಉಕ್ಕಿನ ತಂತಿಯಂಥ ದನಿ. ಬಳಿಕ ಬಾತುಗಳು ತಿರುಗಿ ಹೋಗುತ್ತಿರುವಾಗ ಬೇಡಿಕೊಳ್ಳುವ ಕೂಗು. ಅದರಲ್ಲಿ ಬೇಡಿಕೆಯೇ ಇರಲಿಲ್ಲ, ಅಪ್ಪಣೆಯಿತ್ತು. 'ಬನ್ನಿ ಇಲ್ಲಿ, ಕೈಕಾಲು ತೊಳೆದುಕೊಂಡು ಕೂತುಕೊಳ್ಳಿ' ಎನ್ನುವಂತೆ. ನಾನೇ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದೆ. ಶಬ್ದದ ಅಧ್ಯಾಯ ಅಕ್ಷರಶಃ ನಿಜವಾಗಿತ್ತು. ನನ್ನ ಡೊಯ್ಲ್! ಆ ಪಿಕಪ್ಪಿನೊಳಗೆ ಎಂಥ ತಪಸ್ಸು ಮಾಡಿದ್ದನೋ! ಹತ್ತಕ್ಕೆ ಹತ್ತು ಬರೆದೆ. ಕ್ಲೀಟಸ್ ಎಂಟು ಬರೆದ. ಮರ್ಲ್ ಎಂಟು ಬರೆದ. ಅರಸಿಕರು.

ಐದನೆಯವನು ಎಲ್ಬರ್ಟನೇ ಇರಬೇಕು; ಉಸಿರಿನಲ್ಲಿ ಟೈರಿನ ಗಾಳಿಯಿತ್ತು. ಆರನೆಯವನು ಬಂದ.

ಅಯ್ಯೋ ದೇವರೇ. ಮೆತ್ತಗೆ, ಗೊಗ್ಗರಾಗಿ, ಕಂಬಳಿ ಹೊದ್ದು ನೆಗಡಿಯಲ್ಲಿ ಮಾತಾಡುವ ಮುದಿಬಾತಿನಂಥ ದನಿ. ಒದ್ದೆ ಮರ! ನೀರು ಕುಡಿದು ಉಬ್ಬಿದ ಮರ! ಪುಸ್ತಕದಲ್ಲಿ ಹೇಳಿದ ಪ್ರತಿಯೊಂದು ದೋಷವೂ ಸಾಲಾಗಿ ಬಂದು ನನ್ನ ಮುಂದೆ ಕೈಕಟ್ಟಿ ನಿಂತಂತಾಯಿತು. ಪಾಪ, ಯಾರದೋ ಮನೆಯ ಹೆಂಗಸಿಗೆ ಈ ಚಳಿಗಾಲ ಕಾದಿದೆ ಎಂದು ಮರುಗಿದೆ. ಆದರೆ ನ್ಯಾಯ ನ್ಯಾಯವೇ. ಎರಡು ಎಂದು ಬರೆದು, ಅಡಿಗೆರೆ ಎಳೆದೆ. ಪಕ್ಕದಲ್ಲಿ ಕ್ಲೀಟಸ್ ಕಣ್ಣು ಮುಚ್ಚಿ ತಲೆದೂಗುತ್ತ ಒಂಬತ್ತು ಬರೆಯುತ್ತಿದ್ದ. ಮರ್ಲನೂ ಒಂಬತ್ತು. ವಿದ್ಯೆಯಿಲ್ಲದವರ ಕೈಗೆ ಚೀಟಿ ಕೊಟ್ಟರೆ ಹೀಗೆಯೇ ಎಂದುಕೊಂಡೆ.

ನಮ್ಮಲ್ಲಿ ಫಲಿತಾಂಶವನ್ನು ಬಚ್ಚಿಡುವ ಪದ್ಧತಿಯಿಲ್ಲ. ಪ್ರತಿ ಚೀಟಿಯನ್ನೂ ಬರೆದವರ ಹೆಸರು ಸಹಿತ ಗಟ್ಟಿಯಾಗಿ ಓದುತ್ತಾರೆ. ಪಾಸ್ಟರ್ ಪ್ರೂಇಟ್ ಓದಿದರು.

"ನಂಬರ್ ಆರು. ಕ್ಲೀಟಸ್, ಒಂಬತ್ತು. ಮರ್ಲ್, ಒಂಬತ್ತು. ಸಿಸ್ಟರ್ ರೊವೀನಾ..." ಅವರು ಕನ್ನಡಕ ಸರಿಪಡಿಸಿಕೊಂಡರು. "ಎರಡು. ಅಡಿಗೆರೆ ಎಳೆದಿದ್ದಾರೆ."

ಸಭೆಯಲ್ಲಿ ಯಾರೋ ಮೀನಿನ ಮುಳ್ಳು ನುಂಗಿದವರಂತೆ ಕೆಮ್ಮಿದರು.

"ನಂಬರ್ ನಾಲ್ಕು. ಎಂಟು, ಎಂಟು, ಸಿಸ್ಟರ್ ರೊವೀನಾ ಹತ್ತು. ಈ ವರ್ಷದ ಹಲಗೆ ನಂಬರ್ ನಾಲ್ಕಕ್ಕೆ!"

ಹೊದಿಕೆ ಕೆಳಗೆ ಬಿತ್ತು. ನನ್ನ ಡೊಯ್ಲನನ್ನು ನೋಡಲು ಹೆಮ್ಮೆಯಿಂದ ತಿರುಗಿದೆ.

ವೇದಿಕೆಯ ಮಧ್ಯದಲ್ಲಿ, ನೇರಳೆ ಹೂವಿನ ಚರ್ಚ್ ಟೋಪಿ ಧರಿಸಿ, ಕೈಚೀಲವನ್ನು ಮೊಣಕೈಗೆ ತೂಗುಹಾಕಿ, ಕೊರಳಲ್ಲಿ ಬೂಟಿನ ದಾರಕ್ಕೆ ಕಟ್ಟಿದ ಹಳದಿ ಬೋಡಾರ್ಕ್ ಪೀಪಿಯೊಂದಿಗೆ ನಿಂತಿದ್ದವರು ಶ್ರೀಮತಿ ಜೆಲ್ಫಾ ಓಡೆಲ್ ಸ್ಟಾಲ್ಕಪ್.

ನನಗೆ ಸಿಡಿಲು ಬಡಿದವರ ಅನುಭವವಿಲ್ಲ. ಆದರೆ ಬಡಿದವರಿಗೆ ಕಾಲು ಎಲ್ಲಿದೆ, ಟೋಪಿ ಎಲ್ಲಿದೆ ಎಂದು ತಿಳಿಯುವುದಿಲ್ಲವಂತೆ, ನನಗೂ ತಿಳಿಯಲಿಲ್ಲ. ಸಭೆಯ ಬೆರಗೂ ಇನ್ನೂ ಇಳಿದಿರಲಿಲ್ಲ. ಆಕೆ ಬಾತಿನಂತೆ ಕೂಗಿದ್ದನ್ನು ಅಂದಿನವರೆಗೆ ಇಡೀ ಊರಿನಲ್ಲಿ ಒಬ್ಬರೂ ಕಂಡಿರಲಿಲ್ಲ.

"ಮಿಸ್ ಜೆಲ್ಫಾ," ಎಂದು ಎಲ್ಬರ್ಟ್ ತೊದಲಿದ (ನಮ್ಮ ಕಡೆ ಹಿರಿಯ ಹೆಂಗಸರೆಲ್ಲ ಮಿಸ್‌ಗಳೇ), "ಹರ್ಷೆಲ್ ಅಂಕಲ್ ಕೂಗಿದ ಹಾಗೇ ಇತ್ತು. ಥೇಟು ಅವರೇ."

"ಹರ್ಷೆಲ್‌ಗೆ ಕೋಳಿ ಕೂಗೋಕೂ ಬರ್ತಿರ್ಲಿಲ್ಲ ಕಣೋ," ಎಂದರು ಅತ್ತೆಯವರು. "ಹೆಂಗಸರನ್ನ ಅಟ್ಟಣೆಗೆ ಬಿಡ್ತಿರ್ಲಿಲ್ಲ ಆಗ. ಅವನ ಹಿಂದೆ, ಅವನ ದೊಡ್ಡ ಕೋಟಿನೊಳಗೆ ಅಡಗಿ ಕೂತು ಕೂಗ್ತಿದ್ದೋಳು ನಾನು. ಅವನು ಬರೀ ಕೆನ್ನೆ ಉಬ್ಬಿಸ್ತಿದ್ದ. ಈ ಪೀಪಿ ನನಗೇ ಅಂತ ಕಡೆದದ್ದು, ಮದುವೆ ಆದ ಚಳಿಗಾಲದಲ್ಲಿ."

"ಆದ್ರೆ ಅಮ್ಮ, ಮರ!" ನನ್ನ ದನಿ ನನಗೇ ಕಿರುಚಿದಂತೆ ಕೇಳಿಸಿತು. "ಮರ ಉಬ್ಬಬೇಕಾಗಿತ್ತು!"

"ಒಣಗಿಸಿದ್ರೆ ಯಾಕೆ ಉಬ್ಬುತ್ತೆ? ಬಟ್ಟೆ ಒಣಗಿಸೋ ಯಂತ್ರದ ಮೇಲೆ ದಿನಾ ಬೆಚ್ಚಗೆ ಇಟ್ಟಿದ್ದೆ. ಊದಿದ್ರೂ ಹೊರಗೆ ಯಾರಿಗೂ ಕೇಳಿಸ್ತಿರ್ಲಿಲ್ಲ, ಒಳ್ಳೇದಾಯ್ತು. ನೀನೇ ತಾನೇ ಪ್ರಾರ್ಥನೆಯಲ್ಲಿ ಎದ್ದು ನಿಂತು ಹೊಗಳಿದ್ದು?"

ಹೆಂಗಸರ ಸಾಲಿನಿಂದ ಯಾರೋ "ಆಮೆನ್" ಎಂದರು.

ಹಾಗಾದರೆ ಆರನೆಯವನು? ಆ ನೆಗಡಿಯ ಬಾತು? ವೇದಿಕೆಯ ಮೂಲೆಯಲ್ಲಿ ನನ್ನ ಗಂಡ ನಿಂತಿದ್ದ. ಕೈಯಲ್ಲಿ ಹಸಿರು ಅಕ್ರಿಲಿಕ್ ಪೀಪಿ. ಅದರ ಬಾಯಿಗೆ ಉಣ್ಣೆಯ ಕಾಲುಚೀಲದ ತುಂಡು ತುರುಕಿತ್ತು.

"ಡೊಯ್ಲ್! ಅದೇನದು?"

"ಪ್ಲಾಸ್ಟಿಕ್ ಊದ್ತಾನೆ ಅಂತ ಯಾರಿಗೂ ಗೊತ್ತಾಗಬಾರ್ದು ಅಂತ," ಎಂದ ಅವನು, ತಲೆ ತಗ್ಗಿಸಿ. "ಮರದ ಹಾಗೇ ಕೇಳಿಸೋ ಥರ ಆ ಪಿಕಪ್‌ನಲ್ಲಿ ಕೂತು ಅಷ್ಟು ದಿನ ಒದ್ದಾಡಿದೀನಿ ಕಣೇ. ಎಲ್ರಿಗೂ ಮರ ಅಂತಲೇ ಅನ್ನಿಸ್ತು. ಕ್ಲೀಟಸ್‌ಗೂ ಅನ್ನಿಸ್ತು."

"ಅಪ್ಪಟ ಮರ," ಎಂದು ಕ್ಲೀಟಸ್ ಸಾಕ್ಷಿ ನುಡಿದ. "ಕಾಡೊಳಗೆ ಹತ್ತಿರದ ಬಾತಿಗೆ ಹಾಗೇ ಕೂಗಬೇಕು. ಚಿನ್ನದಂಥ ಕೂಗು. ಎರಡು ಕೊಟ್ಟೋರ ಕಿವಿ ತೋರಿಸ್ಬೇಕು ಡಾಕ್ಟ್ರಿಗೆ."

ನನ್ನ ಚೀಟಿಯನ್ನು ಹರಿದು ಬಿಸಾಡಿದ್ದರೆ ಗೆಲ್ಲುತ್ತಿದ್ದವನು ನನ್ನ ಗಂಡನೇ ಎಂಬ ಲೆಕ್ಕ ಅಲ್ಲಿದ್ದವರೆಲ್ಲರಿಗೂ ಒಟ್ಟಿಗೆ ಹೊಳೆಯಿತು. ಬೀಜಗಣಿತ ಬೇಕಾಗಲಿಲ್ಲ.

"ಮಿಸ್ ಜೆಲ್ಫಾ, ಹಲಗೆ ಮೇಲೆ ನೀವು... ನಿಜವಾಗ್ಲೂ ಕೂರ್ತೀರಾ?" ಎಂದು ಎಲ್ಬರ್ಟ್ ಮೆಲ್ಲಗೆ ಕೇಳಿದ. "ಚಳಿ, ನೀರು, ಏಣಿ..."

"ಗೆದ್ದಿರೋದು ನಾನು. ನಾನು ಕೂರದೆ ನಿಮ್ಮಜ್ಜಿ ಬಂದು ಕೂರ್ತಾಳಾ? ಒಂದು ಮೆತ್ತೆ ತಂದಿಡು. ಕಾಫಿಗೆ ಸಕ್ಕರೆ ಜಾಸ್ತಿ."

ಮನೆಗೆ ಮರಳುವಾಗ ಪಿಕಪ್ಪಿನ ಒಂದೇ ಸೀಟಿನಲ್ಲಿ ಮೂವರೂ ಕುಳಿತಿದ್ದೆವು, ನಡುವೆ ನಾನು. ಅತ್ತೆಯವರು ಕಿಟಕಿಯಿಂದ ಆಕಾಶ ನೋಡುತ್ತಿದ್ದರು. ಚರ್ಚಿನ ಅಂಗಳ ದಾಟುತ್ತಲೇ ಡೊಯ್ಲ್ ಬಾಯಿ ತೆರೆದ.

"ಒಂದು ಒಂಬತ್ತು ಕೊಟ್ಟಿದ್ರೆ ಸಾಕಿತ್ತಲ್ಲೇ. ಅಡಿಗೆರೆ ಬೇರೆ ಎಳೆದಿದ್ದೀಯ."

"ಕಾಲುಚೀಲ ತುರುಕಿದ್ದೀನಿ ಅಂತ ಹೆಂಡತಿಗೆ ಒಂದು ಮಾತು ಹೇಳಬಾರದಿತ್ತೇ?"

"ಮನೇಲಿ ಊದಬೇಡ ಅಂದೋಳು ಯಾರು?"

ನನ್ನಲ್ಲಿ ಇನ್ನೂ ಒಂದು ಅಸ್ತ್ರವಿತ್ತು. ನಯವಾಗಿ ಹೊರತೆಗೆದೆ. "ಹೋಗಲಿ ಬಿಡು, ಡೊಯ್ಲ್. ನೀನೂ ಕಾಡಿಗೆ ಹೋಗು. ಇನ್ನೊಬ್ಬ ಗಂಡಸು ಕೂಗುವಾಗ ಕೂರಲ್ಲ ಅಂತ ತಾನೇ ನಿನ್ನ ಶಪಥ? ಅಮ್ಮ ಗಂಡಸಲ್ಲವಲ್ಲ!"

ಡೊಯ್ಲ್ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಅಮ್ಮ ಕೂಗೋವಾಗ ಬಾಯಿ ಮುಚ್ಕೊಂಡು ಕೂತದ್ದು ಒಂದು ವರ್ಷ ಎರಡು ವರ್ಷ ಅಲ್ಲ ಕಣೇ. ಹುಟ್ಟಿದಾಗಿನಿಂದ. ಅಟ್ಟಣೆ ಮೇಲೂ ಅದನ್ನೇ ಮಾಡಲಾ? ನಾನು ಮನೇಲೇ ಇರ್ತೀನಿ."

ಅತ್ತೆಯವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು: "ಒಳ್ಳೇದೇ ಆಯ್ತು. ರೊವೀನಾಗೂ ಜೊತೆಯಾಗುತ್ತೆ."

ಬೇಟೆಯ ಕಾಲ ಆರಂಭವಾಗುವ ಹಿಂದಿನ ದಿನ ಮಧ್ಯಾಹ್ನ ಎಲ್ಬರ್ಟ್ ತನ್ನ ವಾಹನವನ್ನು ಬಾಗಿಲಿಗೇ ತಂದ. ಅತ್ತೆಯವರು ಹರ್ಷೆಲ್‌ರ ದೊಡ್ಡ ಕೋಟು ತೊಟ್ಟು, ಫ್ಲಾಸ್ಕು ಬಗಲಿಗೆ ಹಾಕಿ, ನೇರಳೆ ಹೂವಿನ ಟೋಪಿಗೆ ಎರಡು ಒಣ ಜೊಂಡು ಸಿಕ್ಕಿಸಿಕೊಂಡು (ಬಾತುಗಳ ಕಣ್ಣಿಗೆ ಬೀಳಬಾರದಲ್ಲ!) ರಾಣಿಯಂತೆ ಏರಿ ಕುಳಿತರು. ಕೋಟಿನಲ್ಲಿ ಇಬ್ಬರು ಅಡಗುವಷ್ಟು ಜಾಗವಿತ್ತು. ಗಾಡಿ ತಿರುವಿನಲ್ಲಿ ಮರೆಯಾಗುವಾಗ ಅದರ ಕಿಟಕಿಯಿಂದ ಒಂದು ದೊಡ್ಡ ಕೂಗು ಕೇಳಿಸಿತು. ನಮ್ಮ ಗದ್ದೆಯ ನೀರಿನ ಮೇಲಿದ್ದ ಬಾತುಗಳೆಲ್ಲ ಎದ್ದು ಆ ಗಾಡಿಯ ಹಿಂದೆಯೇ ಹಾರಿದವು.

ಶ್ರೀಮತಿ ಜೆಲ್ಫಾ ಓಡೆಲ್ ಸ್ಟಾಲ್ಕಪ್ ಅವರು ನಮ್ಮನ್ನು ಹೀಗೆ ಅಗಲುವಾಗ ಬಿಟ್ಟುಹೋದವು: ಕಿಟಕಿಯ ಮೇಲಿನ ಲೋಟದಲ್ಲಿ ಒಂದು ಜೊತೆ ಹಳೆಯ ಹಲ್ಲು (ಅಕ್ರಿಲಿಕ್‌ನದು), ದಿನವೂ ನೀರು ಕೇಳುವ ಜೆರೇನಿಯಂ ಗಿಡಗಳು, ಯಾರ ಮಾತನ್ನೂ ಕೇಳದ ಒಂದು ಕಿವುಡು ಬೆಕ್ಕು (ನಾನೀಗ ಅಸೂಯೆಪಡುವ ಏಕೈಕ ಪ್ರಾಣಿ), ಒಗೆದೊಗೆದು ಬಲೆಯಷ್ಟು ತೆಳ್ಳಗಾದ ನನ್ನ ಹೊದಿಕೆಗಳು, ನಿಜವಾಗಿಯೇ ಬೆಲ್ಟು ಹರಿದ ಒಂದು ಒಣಗಿಸುವ ಯಂತ್ರ, ಬೀರುವಿನ ಖಾನೆಯಲ್ಲಿ ಕರವಸ್ತ್ರಗಳ ನಡುವೆ ಒಂದು ಪೀಪಿಯ ಗಾತ್ರದ ಖಾಲಿ ಜಾಗ, ಮತ್ತು ನನ್ನ ಅಡುಗೆಮನೆಯ ಮೇಜಿನ ಮುಂದೆ, ನನ್ನ ಬೀಜಗಣಿತದ ಪುಸ್ತಕಕ್ಕೆ ಎದುರಾಗಿ, ಸಂಪೂರ್ಣ ಆರೋಗ್ಯವಂತನಾದ ಅರವತ್ತೊಂದು ವರ್ಷದ ಒಬ್ಬ ಮಗ. ತಾನು ಪ್ಲಾಸ್ಟಿಕ್ ಊದುವುದು ಊರಿಗೇ ಗೊತ್ತಾದ ಮೇಲೆ ಬಚ್ಚಿಡುವ ಅಗತ್ಯ ಇನ್ನಿಲ್ಲವೆಂದು ಅವನು ಇಂದು ಬೆಳಿಗ್ಗೆ ಹಸಿರು ಪೀಪಿಯಿಂದ ಕಾಲುಚೀಲವನ್ನು ಹೊರತೆಗೆದಿದ್ದಾನೆ. ಪುಸ್ತಕ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅಕ್ರಿಲಿಕ್‌ನ ದನಿ ಬಹಳ ಗಟ್ಟಿ, ಬಹಳ ಸ್ವಚ್ಛ. ಮತ್ತು ಮನೆಯ ಯಾವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೂ ಕೇಳಿಸುತ್ತದೆ.